ಗಾಳಿಯನ್ನು ನಂಬಿದ ಗಾಡಿ: ಮೂರು ವರ್ಷ, 31,000 ಕಿಲೋಮೀಟರ್

ಬೈಕಿನ ಪವರ್, ಟಾರ್ಕ್ ಎಲ್ಲ ನೀವು ಆಗಲೇ ನೋಡಿರುತ್ತೀರಿ, ಬಿಟ್ಟುಬಿಡೋಣ. ನಾನು ಬರೆಯುತ್ತಿರುವುದು ನನ್ನ ಬಲಗಾಲಿನ ಬಗ್ಗೆ.

ಗಾಡಿ ಸೆಕೆಂಡ್ ಹ್ಯಾಂಡ್. ವಿ-ಟ್ವಿನ್ (V ಆಕಾರದಲ್ಲಿ ಎರಡು ಸಿಲಿಂಡರ್), ಸಾವಿರ ಸಿಸಿ ಹತ್ತಿರ, ಲಿಕ್ವಿಡ್ ಕೂಲ್ಡ್, ಅಂದರೆ ಎಂಜಿನ್ನಿನ ಬಿಸಿಯನ್ನು ಕೂಲೆಂಟ್ ಅನ್ನುವ ದ್ರವ ರೇಡಿಯೇಟರಿಗೆ ತಂದು ಗಾಳಿಗೆ ಬಿಡುತ್ತದೆ. ಕಂಪನಿ ಹೆಸರು ಬೇಡ, ಈ ಜಾತಿಯ ಗಾಡಿ ಇಟ್ಟುಕೊಂಡವರ ಕಥೆಯೆಲ್ಲ ಹೆಚ್ಚುಕಮ್ಮಿ ಒಂದೇ. ಬೆಂಗಳೂರಿನಲ್ಲಿ ಮನೆ ಜಯನಗರ, ಆಫೀಸು ಬೆಳ್ಳಂದೂರು, ನಡುವೆ ಸಿಲ್ಕ್ ಬೋರ್ಡ್ ಜಂಕ್ಷನ್ನಿನ ಟ್ರಾಫಿಕ್. ಮೊದಲ ಏಪ್ರಿಲ್‌ನಲ್ಲೇ ಬುದ್ಧಿ ಬಂತು. ಸಿಗ್ನಲ್‌ನಲ್ಲಿ ನಿಂತು ಎರಡು ನಿಮಿಷ ಆಗಿರುವುದಿಲ್ಲ, ಮೀಟರಿನಲ್ಲಿ ಕೂಲೆಂಟಿನ ಬಿಸಿ 90, 96, 103 ಡಿಗ್ರಿ, ಅಷ್ಟರಲ್ಲಿ ಫ್ಯಾನ್ ಗುರ್ ಅಂತ ಶುರುವಾಗಿ ರೇಡಿಯೇಟರಿನ ಬಿಸಿಗಾಳಿಯನ್ನೆಲ್ಲ ನೇರ ಮೊಣಕಾಲಿನ ಕೆಳಗೆ ತಂದು ಸುರಿಯುತ್ತದೆ. ಹಿಂದಿನ ಸಿಲಿಂಡರ್ ತೊಡೆಗಳ ನಡುವೆಯೇ ಇದೆ, ಅದರ ಸೈಲೆನ್ಸರ್ ಪೈಪು ಬಲಗಡೆ. ಪ್ಯಾಂಟ್ ಹಾಕಿಕೊಂಡೇ ಇಸ್ತ್ರಿ ಮಾಡಿಸಿಕೊಂಡ ಹಾಗೆ.

ಎಂಜಿನ್ ಕೆಟ್ಟಿದೆ ಅಂತಲ್ಲ. ಪೆಟ್ರೋಲಿನ ಶಕ್ತಿಯಲ್ಲಿ ಚಕ್ರ ತಿರುಗಿಸಲು ಸಿಗುವುದು ಹೆಚ್ಚೆಂದರೆ ಮೂರರಲ್ಲಿ ಒಂದು ಪಾಲು, ಉಳಿದದ್ದೆಲ್ಲ ಬಿಸಿಯೇ. ತುಮಕೂರು ರೋಡಿನಲ್ಲಿ ಹೋಗುವಾಗ ಗಾಳಿ ಅದನ್ನು ಹೊತ್ತುಕೊಂಡು ಹೋಗುತ್ತದೆ, ಮೀಟರು 82 ದಾಟುವುದಿಲ್ಲ, ಕಾಲಿಗೆ ಏನೂ ಗೊತ್ತಾಗುವುದಿಲ್ಲ. ಗಾಳಿ ಬಂದೇ ಬರುತ್ತದೆ ಅಂತ ನಂಬಿ ಮಾಡಿದ ಗಾಡಿ ಇದು. ನಮ್ಮ ಊರಲ್ಲಿ ನಿಂತೇ ಇರಬೇಕು, ಅಲ್ವಾ?

ಸರ್ವೀಸ್ ಸೆಂಟರಿಗೆ ಎರಡು ಸಲ ಒಯ್ದೆ. "ದೊಡ್ಡ ಗಾಡಿ ಅಂದ್ರೆ ಹೀಗೇ ಸಾರ್" ಅಂದು ಬಿಲ್ ಕೈಗಿಟ್ಟರು. 103 ನೋಡಿ ಹೆದರಬೇಡಿ ಅಂತಲೂ ಹೇಳಿದರು, ಆ ಮಾತು ಮಾತ್ರ ನಿಜ. ಬೆಂಗಳೂರು ಸಮುದ್ರಮಟ್ಟದಿಂದ 900 ಮೀಟರ್ ಮೇಲಿದೆ, ಇಲ್ಲಿ ಪಾತ್ರೆಯಲ್ಲಿ ನೀರು 97 ಡಿಗ್ರಿಗೇ ಕುದಿಯುತ್ತದೆ. ಕೂಲೆಂಟಿನಲ್ಲಿ ಗ್ಲೈಕಾಲ್ ಇದೆ, ರೇಡಿಯೇಟರ್ ಕ್ಯಾಪು ಕುಕ್ಕರಿನ ವೆಯ್ಟ್ ಥರ ಒತ್ತಡ ಹಿಡಿದಿರುತ್ತದೆ, ಅದಕ್ಕೇ 103ಕ್ಕೂ ಕುದಿಯುವುದಿಲ್ಲ. (ಬಿಸಿ ಇದ್ದಾಗ ಆ ಕ್ಯಾಪು ತೆಗೆಯಬೇಡಿ. ಕುಕ್ಕರ್ ಮುಚ್ಚಳ ತೆಗೆಯುತ್ತೀರಾ?)

ಕೊನೆಗೆ ಜೆ.ಸಿ. ರೋಡಿನ ಹತ್ತಿರದ ಮೆಕ್ಯಾನಿಕ್ ಒಬ್ಬರು ರೇಡಿಯೇಟರ್ ಹಿಂದೆ ಟಾರ್ಚ್ ಬಿಟ್ಟು "ಬೆಳಕು ಈ ಕಡೆ ಬರ್ತಿದೆಯಾ ನೋಡಿ" ಅಂದರು. ಅರ್ಧ ಭಾಗದಲ್ಲಿ ಬರಲೇ ಇಲ್ಲ. ಸಕಲೇಶಪುರದ ಕೆಂಪು ಮಣ್ಣು, ಹುಳ, ಯಾವ ಕಾಲದ್ದೋ ಒಣಗಿದ ಎಲೆ. ಒಳಗಿನ ಕೂಲೆಂಟ್ ಬಣ್ಣವೇ ಇಲ್ಲದೆ ತೆಳ್ಳಗಾಗಿತ್ತು, ಹಿಂದಿನ ಓನರ್ ಬೋರ್‌ವೆಲ್ ನೀರು ತುಂಬಿಸಿರಬೇಕು, ಪೈಪಿನ ಬಾಯಲ್ಲಿ ಗೀಸರ್‌ನಲ್ಲಿ ಕಟ್ಟುತ್ತದಲ್ಲ ಅಂಥದೇ ಬಿಳಿ ಪೊರೆ. ಫ್ಲಶ್ ಮಾಡಿ, ಡಿಸ್ಟಿಲ್ಡ್ ವಾಟರ್ ಮತ್ತು ಕೂಲೆಂಟ್ ಅರ್ಧರ್ಧ ಹಾಕಿಕೊಟ್ಟರು. ಫ್ಯಾನ್ ಈಗಲೂ 103ಕ್ಕೇ ಶುರುವಾಗುತ್ತದೆ. ಆದರೆ ಒಂದು ನಿಮಿಷಕ್ಕೆ ನಿಲ್ಲುತ್ತದೆ. ಮುಂಚೆ ಅಗರ ದಾಟುವ ತನಕ ಕಿರುಚುತ್ತಿತ್ತು.

ಅವತ್ತಿನಿಂದ ಗಾಡಿ ಮೇಲಿನ ಸಿಟ್ಟು ಸ್ವಲ್ಪ ಇಳಿಯಿತು. ಭಾನುವಾರ ಬೆಳಿಗ್ಗೆ ಕಾಫಿ ಆದಮೇಲೆ ಗಾಡಿ ತಣ್ಣಗಿರುವಾಗ ಕೂತು, ಹಳೇ ಟೂತ್‌ಬ್ರಷ್‌ನಿಂದ ರೇಡಿಯೇಟರಿನ ತೆಳು ತಗಡಿನ ಫಿನ್‌ಗಳನ್ನು ಉಜ್ಜುತ್ತೇನೆ, ಹಿಂದಿನಿಂದ ಮೆಲ್ಲಗೆ ನೀರು ಬಿಡುತ್ತೇನೆ. ಜೋರಾಗಿ ಬಿಟ್ಟರೆ ಫಿನ್ ಮಡಚಿಕೊಳ್ಳುತ್ತದೆ. ಮಡಚಿದ್ದನ್ನು ಅವಧಿ ಮುಗಿದ ಎಟಿಎಂ ಕಾರ್ಡಿನ ಮೂಲೆಯಿಂದ ಒಂದೊಂದಾಗಿ ನೆಟ್ಟಗೆ ಮಾಡುವುದು. ಹೆಂಡತಿ ಇದನ್ನು ಹೇನು ತೆಗೆಯೋದು ಅನ್ನುತ್ತಾಳೆ.

ಕೀ ತೆಗೆದ ಮೇಲೂ ಫ್ಯಾನ್ ಒಂದೆರಡು ನಿಮಿಷ ಓಡುತ್ತದೆ. ಮೊದಮೊದಲು ಬೇಸ್‌ಮೆಂಟಿನ ವಾಚ್‌ಮನ್ "ಸಾರ್, ಗಾಡಿ ಆಫ್ ಆಗಿಲ್ಲ" ಅಂತ ಲಿಫ್ಟ್ ತನಕ ಓಡಿಬರುತ್ತಿದ್ದರು. ಈಗ ಡಿಸೆಂಬರ್ ರಾತ್ರಿ ನಾನು ಬರುವ ಹೊತ್ತಿಗೆ ಕುರ್ಚಿಯನ್ನು ಈ ಕಡೆ ಎಳೆದುಕೊಂಡಿರುತ್ತಾರೆ.

ಬೇಸಿಗೆಯಲ್ಲಿ ಹೆಂಡತಿ ಹಿಂದೆ ಕೂರುವುದಿಲ್ಲ, ನನಗೂ ಬಲವಂತ ಮಾಡುವ ಮುಖವಿಲ್ಲ. ದಿನಾ ಸಿಲ್ಕ್ ಬೋರ್ಡ್ ದಾಟುವವರು ಟೆಸ್ಟ್ ರೈಡನ್ನು ಸಂಜೆ ಆರೂವರೆಗೆ, ಆಫೀಸ್ ಪ್ಯಾಂಟಿನಲ್ಲಿ ಮಾಡಿ, ಖಾಲಿ ರೋಡಿನಲ್ಲಿ ಬೇಡ. ನಾನಂತೂ ಏಪ್ರಿಲ್, ಮೇ ಎರಡು ತಿಂಗಳು ಅವಳ ಸ್ಕೂಟರ್ ತಗೊಂಡು ಹೋಗುತ್ತೇನೆ. ಪೆಟ್ರೋಲ್ ನಾನೇ ಹಾಕಿಸಬೇಕು ಅಂತ ಕಂಡಿಷನ್ ಇದೆ.