ಹಳೇ ಊಟದ ಮೇಜಿಗೆ ಅರಗು, ಅಗಸೆ ಎಣ್ಣೆ, ಪಿಯು: ಮೂರನ್ನೂ ಹಚ್ಚಿ ನೋಡಿದೆ

ತಾತ ಮಾಡಿಸಿದ ತೇಗದ ಊಟದ ಮೇಜು ನಮ್ಮ ಮೈಸೂರಿನ ಮನೆಯಲ್ಲಿ ಇನ್ನೂ ಇದೆ. ಹಾಗೇ ಇದ್ದರೆ ನಾಲ್ಕು ಜನಕ್ಕೆ. ಎರಡು ತುದಿ ಹಿಡಿದು ಎಳೆದು, ನಡುವೆ ಒಂದು ಹಲಗೆ ಕೂರಿಸಿದರೆ ಆರು ಜನಕ್ಕೆ. ಆ ಹಲಗೆ ವರ್ಷವಿಡೀ ಅಟ್ಟದಲ್ಲಿರುತ್ತಿತ್ತು, ಹಬ್ಬಕ್ಕೆ ಮಾತ್ರ ಕೆಳಗಿಳಿಯುತ್ತಿತ್ತು. ಈಚೆಗೆ ಎಷ್ಟು ಎಳೆದರೂ ಮೇಜು ಜಗ್ಗುತ್ತಿರಲಿಲ್ಲ. ಮೇಲೆಲ್ಲ ಲೋಟದ ಬಿಳಿ ಉಂಗುರ ಬೇರೆ.

ಹಳೇ ಪಾಲಿಷ್ ಯಾವುದು ಅಂತ ಮೊದಲು ತಿಳಿಯಬೇಕಿತ್ತು. ಹತ್ತಿಯನ್ನು ಸ್ಪಿರಿಟ್‌ನಲ್ಲಿ ಅದ್ದಿ ಕಾಲಿನ ಒಳಬದಿಗೆ ಒಂದು ನಿಮಿಷ ಒತ್ತಿ ಹಿಡಿದೆ. ಮರ ಅಂಟಂಟಾಯಿತು, ಹತ್ತಿಗೆ ಕಂದು ಬಣ್ಣ ಹತ್ತಿತು. ಅಂದರೆ ಅರಗು. ಪಿಯು, ಅಂದರೆ ಪಾಲಿಯುರೆಥೇನ್ ಅನ್ನೋ ಪ್ಲಾಸ್ಟಿಕ್‌ನಂಥ ಪಾಲಿಷ್, ಆಗಿದ್ದರೆ ಹೀಗೆ ಕರಗುತ್ತಿರಲಿಲ್ಲ.

ಮುಂದೆ ಏನು ಹಚ್ಚೋದು? ಬಡಗಿ ಪಿಯು ಅಂದರು. ಅಮ್ಮನಿಗೆ ಮೊದಲಿದ್ದ ಅರಗೇ ಬೇಕು. ನನಗೆ ಅಗಸೆ ಎಣ್ಣೆಯ ಆಸೆ. ಹಲಗೆಯ ಅಡಿಭಾಗ ಯಾರಿಗೂ ಕಾಣೋದಿಲ್ಲ, ಅಲ್ವಾ? ಅದನ್ನು ಉಜ್ಜಿ, ಟೇಪ್ ಅಂಟಿಸಿ ಮೂರು ಪಾಲು ಮಾಡಿ ಮೂರನ್ನೂ ಹಚ್ಚಿದೆ.

ಹಚ್ಚೋ ಖುಷಿ ಅರಗಿನಲ್ಲೇ ಜಾಸ್ತಿ. ಒಂದು ಲೀಟರ್ ಸ್ಪಿರಿಟ್‌ಗೆ 200 ಗ್ರಾಂ ಅರಗಿನ ಚಕ್ಕೆ ಲೆಕ್ಕ. ರಾತ್ರಿ ನೆನೆಹಾಕಿ ಬೆಳಿಗ್ಗೆ ಬಟ್ಟೆಯಲ್ಲಿ ಸೋಸಿದೆ. ಹತ್ತಿಯ ಉಂಡೆಗೆ ಹಳೇ ಪಂಚೆಯ ತುಂಡು ಸುತ್ತಿ, ಅದ್ದಿ, ಕೈ ನಿಲ್ಲಿಸದೆ ಎಳೆಯಬೇಕು. ನಿಮಿಷಗಳಲ್ಲಿ ಒಣಗುತ್ತದೆ. ನಾಲ್ಕನೇ ಸುತ್ತಿಗೆ ಮರದ ಗೆರೆಗಳು ಒಳಗಿಂದ ಬೆಳಗಿದ ಹಾಗೆ ಕಂಡವು. ಮಳೆ ಹಿಡಿದ ದಿನ ಮಾತ್ರ ಬೇಡ, ತೇವಕ್ಕೆ ಬಿಳಿಚಿಕೊಳ್ಳುತ್ತದೆ.

ಎಣ್ಣೆ ಸವರಿ ಒರೆಸೋದು ಸುಲಭ, ಕಾಯೋದು ಕಷ್ಟ. ನಾಲ್ಕು ಸಲ ಹಚ್ಚಲು ಒಂದು ವಾರ ದಾಟಿತು. ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಎಸೆಯಲೇಬೇಡಿ. ಅಗಸೆ ಎಣ್ಣೆ ಒಣಗುವಾಗ ಬಿಸಿಯಾಗುತ್ತದೆ, ಮುದ್ದೆಯೊಳಗೆ ಆ ಬಿಸಿ ಸೇರಿ ತಾನಾಗೇ ಬೆಂಕಿ ಹತ್ತಬಹುದು. ನಾನು ನೀರಲ್ಲಿ ನೆನೆಸಿಟ್ಟೆ.

ತೇಗದಲ್ಲೇ ಎಣ್ಣೆ ಇರುವುದರಿಂದ ಪಿಯುಗೆ ಮೊದಲು ಥಿನ್ನರ್‌ನಿಂದ ಒರೆಸಿಕೊಂಡೆ. ಗಟ್ಟಿ ಮಾಡುವ ದ್ರಾವಣ ಕಲಸಿದ ಮೇಲೆ ಕೆಲವೇ ಗಂಟೆಯಲ್ಲಿ ಮುಗಿಸಬೇಕು. ಎರಡು ದಿನ ಕಿಟಕಿ ಮುಚ್ಚುವ ಹಾಗಿರಲಿಲ್ಲ, ಅಷ್ಟು ವಾಸನೆ.

ಒಂದು ತಿಂಗಳು ಬಿಟ್ಟು ಪರೀಕ್ಷೆ. ಮೂರರ ಮೇಲೂ ಬಿಸಿ ಕಾಫಿಯ ಸ್ಟೀಲ್ ಲೋಟ, ರಾತ್ರಿಯಿಡೀ ಒಂದೊಂದು ಚಮಚ ಸಾಂಬಾರ್. ಅರಗಿನ ಮೇಲೆ ಲೋಟ ಎತ್ತಿದ ಕೂಡಲೇ ಬಿಳಿ ಉಂಗುರ. ಸ್ಪಿರಿಟ್ ತಾಗಿಸಿದ ಉಂಡೆಯಿಂದ ಮೆಲ್ಲಗೆ ಉಜ್ಜಿದೆ, ಹೋಯಿತು. ಎಣ್ಣೆಯ ಪಾಲಿಗೆ ಬಿಸಿ ಏನೂ ಮಾಡಲಿಲ್ಲ, ಆದರೆ ಸಾಂಬಾರಿನ ಅರಿಶಿನ ಮರದೊಳಗೇ ಇಳಿದಿತ್ತು. ಬಿಸಿಲಿಗಿಟ್ಟ ಮೇಲೆ ದಿನದಿನಕ್ಕೆ ಮಾಸಿತು. ಪಿಯು ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಮುಗಿಯಿತು.

ದಿನಾ ಸಾರು ಚೆಲ್ಲುವ ಮೇಜು ಇದು. ಹಾಗಾಗಿ ಮೇಲ್ಭಾಗಕ್ಕೆ ಹೊಳಪಿಲ್ಲದ ಪಿಯು, ಕಾಲು ಮತ್ತು ಚೌಕಟ್ಟಿಗೆ ಅರಗು ಅಂತ ತೀರ್ಮಾನಿಸಿದೆ. ಪಿಯು ಆಳವಾಗಿ ಗೀಚಿದರೆ ಅಲ್ಲಷ್ಟೇ ತೇಪೆ ಹಾಕಿ ಮುಚ್ಚೋದು ಕಷ್ಟ, ಇಡೀ ಹಲಗೆ ಉಜ್ಜಬೇಕು. ಗಟ್ಟಿ ತೇಗ ಅಂತ ಧೈರ್ಯ ಮಾಡಿದೆ. ಮೇಲೆ ಅಂಟಿಸಿದ ತೆಳು ಮರದ ಹಾಳೆ, ಅಂದರೆ ವೆನಿಯರ್ ಆಗಿದ್ದರೆ ಮಾಡುತ್ತಿರಲಿಲ್ಲ.

ಇನ್ನು ಎಳೆಯೋ ಪಟ್ಟಿಗಳು. ಬಡಗಿ ಸ್ಟೀಲ್ ಚಾನಲ್ ಹಾಕೋಣ ಅಂದರು. ಹಳೇ ಮರದಲ್ಲಿ ಹೊಸ ತೂತು ಕೊರೆಯಲು ಮನಸ್ಸು ಬರಲಿಲ್ಲ. ಹಿಂದೆ ಯಾರೋ ಕೊಬ್ಬರಿ ಎಣ್ಣೆ ಬಿಟ್ಟಿದ್ದರು, ಅದು ಧೂಳು ಹಿಡಿದು ಗೋಂದಿನಂತಾಗಿತ್ತು. ಕೆರೆದು ತೆಗೆದು ಮೇಣದ ಬತ್ತಿ ತಿಕ್ಕಿದೆ. ಈಗ ಅಮ್ಮ ಒಬ್ಬರೇ ಎಳೆಯುತ್ತಾರೆ.

ಅಟ್ಟದ ಹಲಗೆಯ ಬಣ್ಣ ಮಾತ್ರ ಉಜ್ಜಿದ ಮೇಲೂ ಬೇರೆಯೇ ಇತ್ತು. ಪಾಲಿಷ್‌ಗೆ ಮುಂಚೆ ಮೂರು ವಾರ ಹಾಲ್‌ನ ಕಿಟಕಿ ಪಕ್ಕ ಇಟ್ಟೆ, ಬೆಳಕಿಗೆ ಬಹುಪಾಲು ಹೊಂದಿಕೊಂಡಿತು. ಅದರ ಅಡಿಯಲ್ಲಿ ಆ ಮೂರು ಪಾಲು ಹಾಗೇ ಇವೆ. ಪ್ರತಿ ಹಬ್ಬಕ್ಕೆ ಹಲಗೆ ಕೂರಿಸುವ ಮುಂಚೆ ಮಗುಚಿ ನೋಡುತ್ತೇನೆ.