ಮಳೆಗಾಲಕ್ಕೆ ಮುಂಚೆ ಫಿಲ್ಮ್ ಕ್ಯಾಮೆರಾದ ಬ್ಯಾಟರಿ ತೆಗೆದಿಡಿ

ಮನೆಯಲ್ಲಿ ಹಳೇ ಫಿಲ್ಮ್ ಕ್ಯಾಮೆರಾ ಇಟ್ಟುಕೊಂಡವರು ದಯವಿಟ್ಟು ಮೊದಲು ಹೋಗಿ ಅದರ ಬ್ಯಾಟರಿ ಮುಚ್ಚಳ ತೆಗೆದು ನೋಡಿ ಬನ್ನಿ. ಆಮೇಲೆ ಇದನ್ನ ಓದಿ. ನನ್ನ ಕ್ಯಾಮೆರಾ ಒಂದೇ ಮಳೆಗಾಲದಲ್ಲಿ ಹಾಳಾಯಿತು. ಕೆಳಗೆ ಬೀಳಲಿಲ್ಲ, ನೀರೂ ತಾಗಲಿಲ್ಲ. ಒಳಗೆ ಬಿಟ್ಟಿದ್ದ ನಾಲ್ಕು ಪುಟ್ಟ ಸೆಲ್‌ಗಳೇ ಅದನ್ನ ತಿಂದುಹಾಕಿದವು.

ನಮ್ಮೂರು ಸಾಗರದ ಹತ್ತಿರ. ನಾನಿರೋದು ಶಿವಮೊಗ್ಗದಲ್ಲಿ. ಕ್ಯಾಮೆರಾ ನನ್ನ ಚಿಕ್ಕಪ್ಪ ಮುಂಬೈಯಿಂದ ತಂದಿದ್ದು, ಕ್ಯಾನನ್ ಎಇ-1. 1976ರಲ್ಲಿ ಬಂದ ಮಾಡೆಲ್. ಅದರಲ್ಲಿ ಅವರು ತೆಗೆದ ಒಂದು ಫೋಟೋ ನಮ್ಮ ಜಗುಲಿಯ ಗೋಡೆ ಮೇಲೆ ಈಗಲೂ ಇದೆ. ಭೂಮಿ ಹುಣ್ಣಿಮೆ, ಅಂದರೆ ನಮ್ಮ ಕಡೆ ಭೂಮಿತಾಯಿಗೆ ಎಡೆ ಕೊಡೋ ಹಬ್ಬದ ದಿನ, ಅಜ್ಜ ತಲೆ ಮೇಲೆ ಬುಟ್ಟಿ ಹೊತ್ತು ಗದ್ದೆ ಅಂಚಿನಲ್ಲಿ ನಿಂತಿರೋದು. ಅದೇ ಕ್ಯಾಮೆರಾದಲ್ಲಿ, ಅದೇ ಅಂಚಿನಲ್ಲಿ, ಅಪ್ಪಯ್ಯನ ಫೋಟೋ ತೆಗೀಬೇಕು ಅಂತ ನನಗೆ ಎಷ್ಟೋ ವರ್ಷದ ಆಸೆ.

ಈ ಕ್ಯಾಮೆರಾದ ಬಗ್ಗೆ ಒಂದು ವಿಷಯ ಗೊತ್ತಿರಬೇಕು. ಇದರ ಶಟರ್ ನಡೆಯೋದೇ ಬ್ಯಾಟರಿಯಿಂದ. ನಿಕಾನ್ ಎಫ್‌ಎಂ2, ಪೆಂಟ್ಯಾಕ್ಸ್ ಕೆ1000 ಥರದವು ಬ್ಯಾಟರಿ ಇಲ್ಲದಿದ್ದರೂ ಫೋಟೋ ತೆಗೆಯುತ್ತವೆ, ಅವುಗಳಲ್ಲಿ ಬೆಳಕು ಅಳೆಯೋ ಮೀಟರ್‌ಗೆ ಮಾತ್ರ ಸೆಲ್ ಬೇಕು. ಎಇ-1 ಹಾಗಲ್ಲ. ಬ್ಯಾಟರಿ ಸತ್ತರೆ ಒಂದು ಕ್ಲಿಕ್ ಕೂಡ ಆಗೋದಿಲ್ಲ. ನಿಮ್ಮದು ಯಾವ ಜಾತಿ ಅಂತ ಮೊದಲೇ ತಿಳಿದುಕೊಳ್ಳಿ.

ಅದಕ್ಕೆ ಬೇಕಾದ್ದು 6 ವೋಲ್ಟಿನ 4ಎಲ್‌ಆರ್44 ಅನ್ನೋ ಬ್ಯಾಟರಿ. ಹೆಬ್ಬೆರಳಿನ ತುದಿಯಷ್ಟು ಉದ್ದ, ಸುಮಾರು 25 ಮಿಲಿಮೀಟರ್. ಹೋದ ವರ್ಷ ಏಪ್ರಿಲ್‌ನಲ್ಲಿ ತಂಗಿ ಮದುವೆಗೆ ಅಂತ ಶಿವಮೊಗ್ಗದಲ್ಲಿ ಹುಡುಕಿದೆ. ಒಂದು ಅಂಗಡಿಯಲ್ಲಿ "ಇದೇ ಸಾರ್, ರಿಮೋಟಿಗೆ ಹಾಕೋದು" ಅಂತ 23ಎ ಕೊಟ್ಟರು. ನೋಡಲು ಹತ್ತಿರ ಹತ್ತಿರ ಹಾಗೇ ಇದೆ. ಆದರೆ ಅದು 12 ವೋಲ್ಟ್! ಅದೃಷ್ಟಕ್ಕೆ ಅದು ಸ್ವಲ್ಪ ಉದ್ದ, ಸ್ವಲ್ಪ ಸಪೂರ, ಹಾಗಾಗಿ ಒಳಗೆ ಕೂರಲಿಲ್ಲ. ಕೂತಿದ್ದರೆ ಅವತ್ತೇ ಕಥೆ ಮುಗಿಯುತ್ತಿತ್ತು. ಅಂಗಡಿಯವರು ಬೇಕಂತ ಮೋಸ ಮಾಡಿದ್ದಲ್ಲ, ಅವರಿಗೆ ಗೊತ್ತಿರಲಿಲ್ಲ ಅಷ್ಟೆ. ಬ್ಯಾಟರಿ ಮೈ ಮೇಲೆ ಬರೆದ ವೋಲ್ಟ್ ಓದೋದು ನಮ್ಮ ಕೆಲಸ.

ಸರಿ, ಬೇರೆ ದಾರಿ ಅಂತ ಎಲ್‌ಆರ್44 ಅನ್ನೋ ಬಟನ್ ಸೆಲ್ ನಾಲ್ಕನ್ನ ಒಂದರ ಮೇಲೊಂದು ಜೋಡಿಸೋಣ ಅಂದುಕೊಂಡೆ. ಇದರಲ್ಲಿ ತಪ್ಪಿಲ್ಲ, ತುಂಬ ಜನ ಮಾಡುತ್ತಾರೆ. 4ಎಲ್‌ಆರ್44 ಅಂದರೇ ಒಳಗೆ ಅಂಥ ನಾಲ್ಕು ಸೆಲ್ ಅಂತ. ಒಂದೊಂದು 5.4 ಮಿಲಿಮೀಟರ್ ದಪ್ಪ. ನಾಲ್ಕು ಸೇರಿದರೂ ಮೂರೂವರೆ ಮಿಲಿಮೀಟರ್ ಜಾಗ ಉಳಿಯುತ್ತೆ, ಅಲ್ಲಿಗೆ ಅಲ್ಯೂಮಿನಿಯಂ ಹಾಳೆ ಉಂಡೆ ಮಾಡಿ ಇಡಬೇಕು. ನಾನು ತಪ್ಪು ಮಾಡಿದ್ದು ಬೇರೆ ಕಡೆ. ಮನೆಯಲ್ಲಿ ರಟ್ಟಿಗೆ ಅಂಟಿಸಿ ಮಾರುವ ಅಗ್ಗದ ಸೆಲ್‌ಗಳು ಇದ್ದವು. ಎಜಿ13 ಅಂತ ಬರೆದಿತ್ತು, ಅದೂ ಎಲ್‌ಆರ್44ರ ಇನ್ನೊಂದು ಹೆಸರೇ. ಎಣಿಸಿದರೆ ಮೂರೇ ಉಳಿದಿತ್ತು. ನಾಲ್ಕನೆಯದನ್ನ ಅಪ್ಪಯ್ಯನ ಅಡಿಕೆ ಲೆಕ್ಕದ ಕ್ಯಾಲ್ಕುಲೇಟರ್‌ನಿಂದ ಬಿಚ್ಚಿ ಹಾಕಿದೆ. ಮೂರು ಹೊಸದು, ಒಂದು ಹಳೇದು. ಕ್ಯಾಮೆರಾ ಕ್ಲಿಕ್ ಅಂದಿತು. ನಾನು ಖುಷಿಯಾದೆ.

ಇದನ್ನ ಯಾವತ್ತೂ ಮಾಡಬೇಡಿ. ಯಾಕೆ ಅಂತ ಹೇಳುತ್ತೇನೆ. ಸಾಲಾಗಿ ಕೂತ ಸೆಲ್‌ಗಳಲ್ಲಿ ಹಳೇದು ಮೊದಲು ಖಾಲಿಯಾಗುತ್ತೆ. ಉಳಿದ ಮೂರರಲ್ಲಿ ಇನ್ನೂ ಶಕ್ತಿ ಇರುತ್ತಲ್ಲ, ಅವು ಖಾಲಿ ಸೆಲ್ ಮೂಲಕವೇ ಕರೆಂಟ್ ತಳ್ಳುತ್ತವೆ. ಆ ಸೆಲ್‌ನ ಪ್ಲಸ್ಸು ಮೈನಸ್ಸು ಉಲ್ಟಾ ಆಗುತ್ತೆ, ಒಳಗೆ ಗ್ಯಾಸ್ ಹುಟ್ಟುತ್ತೆ, ಒತ್ತಡಕ್ಕೆ ಸೀಲ್ ಬಿಡುತ್ತೆ. ಆಮೇಲೆ ಒಳಗಿನ ಕ್ಷಾರ ಹೊರಗೆ.

ಮದುವೆ ಮುಗಿಯಿತು. 36ರ ರೋಲಿನಲ್ಲಿ 17 ಆಗಿತ್ತು. ಉಳಿದದ್ದು ಭೂಮಿ ಹುಣ್ಣಿಮೆಗೆ ಅಂತ ಹಾಗೇ ಬಿಟ್ಟೆ. ಜೂನ್ ಹತ್ತಿರ ಬಂತು. ನಮ್ಮ ಕಡೆ ಮಳೆ ಹಿಡಿದರೆ ಚಪ್ಪಲಿ, ಬೆಲ್ಟು, ಪುಸ್ತಕ ಎಲ್ಲಕ್ಕೂ ಬೂಷ್ಟು ಬರುತ್ತೆ. ಕ್ಯಾಮೆರಾಕ್ಕೆ ಬೂಷ್ಟು ಬರಬಾರದು ಅಂತ ಚೀಲದ ಸಮೇತ ಅಡುಗೆಮನೆ ಒಲೆ ಮೇಲಿನ ಅಟ್ಟದಲ್ಲಿಟ್ಟೆ. ಅಲ್ಲಿ ಬೆಚ್ಚಗಿರುತ್ತೆ, ಒಣಗಿರುತ್ತೆ. ಲೆನ್ಸಿನ ಬಗ್ಗೆ ಯೋಚಿಸಿದೆನೇ ಹೊರತು ಬ್ಯಾಟರಿಯ ಬಗ್ಗೆ ಯೋಚಿಸಲಿಲ್ಲ. ಸೆಲ್‌ಗಳಿಗೆ ಬಿಸಿ ಒಳ್ಳೇದಲ್ಲ, ಸೋರೋದು ಇನ್ನೂ ಬೇಗ ಆಗುತ್ತೆ. ಇನ್ನೊಂದು ವಿಷಯ ಆಮೇಲೆ ಹೊಳೆಯಿತು. ಚೀಲದಲ್ಲಿ ಇನ್ನೊಂದು ಲೆನ್ಸ್ ಶಟರ್ ಗುಂಡಿ ಮೇಲೇ ಕೂತಿತ್ತು. ಆ ಗುಂಡಿ ಅರ್ಧ ಒತ್ತಿದರೆ ಮೀಟರ್ ಚಾಲೂ ಆಗುತ್ತೆ. ಅದು ಎಷ್ಟು ದಿನ ಹಾಗೇ ಉರಿಯಿತೋ!

ಅಕ್ಟೋಬರ್‌ನಲ್ಲಿ ಹಬ್ಬಕ್ಕೆ ಊರಿಗೆ ಹೋದೆ. ಅಮ್ಮ ಬುಟ್ಟಿಗೆ ಸಗಣಿ, ಕೆಮ್ಮಣ್ಣು ಬಳಿದು ಒಣಗಿಸಿ, ಅಕ್ಕಿ ಹಿಟ್ಟಿನ ಬಿಳಿಯಲ್ಲಿ ಚಿತ್ತಾರ ಬರೆದಿದ್ದಳು. ಪುಂಡಿ ನಾರಿನ ಕುಂಚ ಹಿಡಿದರೆ ಈಗ ಅವಳ ಕೈ ಸ್ವಲ್ಪ ನಡುಗುತ್ತೆ. ಮುಂದಿನ ವರ್ಷ ಸೊಸೆ ಬರೆಯಲಿ ಅಂದಳು. ರಾತ್ರಿಯಿಡೀ ಅಡುಗೆ. ಬೆಳಕು ಹರಿಯೋ ಮೊದಲೇ ಅಪ್ಪಯ್ಯ ಕಂಬಳಿ ಹೊದ್ದು, ಬುಟ್ಟಿ ಹೊತ್ತು, ಚರಗ ಬೀರಲು, ಅಂದರೆ ಆ ಅಡುಗೆಯ ಎಡೆಯನ್ನ ಪೈರಿಗೆ ಎರಚಲು, ಗದ್ದೆಗೆ ಹೊರಟರು. ನಾನು ಹಿಂದೆ. ಭತ್ತ ಹೊಡೆ ತುಂಬಿ ನಿಂತಿತ್ತು, ಮೇಲೆಲ್ಲ ಇಬ್ಬನಿ. ಅಜ್ಜ ನಿಂತಿದ್ದ ಅಂಚು ಬಂದಾಗ ಆಕಾಶ ಆಗತಾನೇ ಬೂದು ಬಣ್ಣಕ್ಕೆ ತಿರುಗುತ್ತಿತ್ತು. ಅಪ್ಪಯ್ಯ ನಿಂತರು. ನಾನು ಫೋಕಸ್ ಮಾಡಿ ಒತ್ತಿದೆ.

ಏನೂ ಆಗಲಿಲ್ಲ.

ಮತ್ತೆ ಒತ್ತಿದೆ. ಬ್ಯಾಟರಿ ಚೆಕ್ ಗುಂಡಿ ಒತ್ತಿದೆ. ಒಳಗಿನ ಸೂಜಿ ಅಲ್ಲಾಡಲಿಲ್ಲ. "ಎಂತಾಯ್ತು, ತೆಗ್ದ್ಯಾ?" ಅಂತ ಅಪ್ಪಯ್ಯ ಕೇಳಿದರು. ಬುಟ್ಟಿ ಭಾರ ಇತ್ತು, ಪಾಪ ಅವರು ಎಷ್ಟು ಹೊತ್ತು ನಿಲ್ಲುತ್ತಾರೆ. "ನೀವು ನಡೀರಿ ಅಪ್ಪಯ್ಯ" ಅಂದೆ. ಮೊಬೈಲಿನಲ್ಲಿ ಒಂದು ತೆಗೆದಿಟ್ಟುಕೊಂಡೆ. ಅದು ಇದೆ. ಆದರೆ ನನಗೆ ಬೇಕಾಗಿದ್ದು ಅದಲ್ಲ.

ಮನೆಗೆ ಬಂದು ಮುಚ್ಚಳ ತೆಗೆಯಲು ಹೋಗಿ ಎರಡನೇ ತಪ್ಪು ಮಾಡಿದೆ. ಎಇ-1ರ ಬ್ಯಾಟರಿ ಮುಚ್ಚಳ ಮುಂದುಗಡೆ ಲೆನ್ಸ್ ಪಕ್ಕ ಇದೆ, ಅದರ ಕೊಕ್ಕೆ ಬಹಳ ನಾಜೂಕು. ಮೇಲೆ ಫ್ಲ್ಯಾಶ್ ಕೂರೋ ಜಾಗದಲ್ಲಿ ಒಂದು ಪುಟ್ಟ ಪ್ಲಾಸ್ಟಿಕ್ ತುಂಡು ಸಿಕ್ಕಿಸಿ ಕೊಟ್ಟಿರುತ್ತಾರೆ. ಕಣ್ಣಿಡೋ ಕಿಂಡಿ ಮುಚ್ಚೋದಕ್ಕೂ ಅದೇ, ಈ ಮುಚ್ಚಳ ತೆಗೆಯೋದಕ್ಕೂ ಅದೇ. ನನ್ನದು ಎಲ್ಲೋ ಕಳೆದಿತ್ತು. ಚೂರಿ ತುದಿ ಹಾಕಿ ಎತ್ತಿದೆ. ಪಟ್ ಅಂತ ಕೊಕ್ಕೆ ಮುರಿಯಿತು. ಒಳಗೆ ನೋಡಿದರೆ ಸೆಲ್‌ಗಳ ಸುತ್ತ ಉಪ್ಪಿನ ಥರ ಬಿಳಿ ಪುಡಿ. ತಳದ ಸ್ಪ್ರಿಂಗ್ ಹಸಿರು ನೀಲಿಗೆ ತಿರುಗಿತ್ತು. ಸುತ್ತಿದ್ದ ಕಾಗದ ಕಂದಾಗಿ ಗೋಡೆಗೆ ಅಂಟಿತ್ತು. ನಾಲ್ಕರಲ್ಲಿ ಒಂದು ಸೆಲ್ ಮಾತ್ರ ಊದಿಕೊಂಡಿತ್ತು. ಯಾವುದು ಅಂತ ಹೇಳಬೇಕಾಗಿಲ್ಲ ಅಲ್ವಾ.

ಆ ಗಾಬರಿಯಲ್ಲಿ ಮೂರನೇ ತಪ್ಪು. ಒದ್ದೆ ಬಟ್ಟೆ ಹಾಕಿ ತಿಕ್ಕಿದೆ. ಪುಡಿಯೆಲ್ಲ ನೀರಿನಲ್ಲಿ ಕರಗಿ ಇನ್ನೂ ಒಳಗೆ ಇಳಿಯಿತು. ಬ್ಲೇಡಿನಿಂದ ಸ್ಪ್ರಿಂಗ್ ಕೆರೆದೆ, ಮೇಲಿನ ಲೇಪ ಹೋಗಿ ತಾಮ್ರದ ಬಣ್ಣ ಬಂತು. ಬರಿಗೈಯಲ್ಲೇ ಮಾಡಿದ್ದರಿಂದ ಬೆರಳ ತುದಿ ಎರಡು ದಿನ ಉರಿಯಿತು.

ನಿಮಗೆ ಹೀಗಾದರೆ ಸಮಾಧಾನದಿಂದ ಮಾಡಿ. ಸೋರಿದ್ದು ಪೊಟ್ಯಾಸಿಯಂ ಹೈಡ್ರಾಕ್ಸೈಡ್, ಕಟು ಕ್ಷಾರ. ಗಾಳಿ ತಾಗಿ ಅದು ಬಿಳಿ ಪುಡಿ ಆಗುತ್ತೆ. ಹಸಿರು ಬಣ್ಣ ತಾಮ್ರ, ಹಿತ್ತಾಳೆ ಕಿಲುಬು ಹಿಡಿದದ್ದು. ಕೈಗೆ ಗ್ಲೌಸ್ ಹಾಕಿ, ಕಣ್ಣಿನ ಹತ್ತಿರ ಕೈ ಒಯ್ಯಬೇಡಿ. ಕ್ಯಾಮೆರಾವನ್ನ ಸೆಲ್ ಬಾಯಿ ಕೆಳಗೆ ಬರೋ ಹಾಗೆ ಹಿಡಿದು ಒಣ ಪುಡಿ ಮೊದಲು ಉದುರಿಸಿ. ಕಿವಿಗೆ ಹಾಕೋ ಹತ್ತಿಕಡ್ಡಿಯ ತುದಿಗೆ ಬಿಳಿ ವಿನೆಗರ್ ಅಥವಾ ನಿಂಬೆಹುಳಿ ಒಂದೇ ಹನಿ ಮುಟ್ಟಿಸಿ ಒರೆಸಿ. ಕ್ಷಾರಕ್ಕೆ ಹುಳಿಯೇ ಮದ್ದು. ಬುರುಬುರು ನೊರೆ ನಿಂತ ಮೇಲೆ ಐಸೊಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ಒರೆಸಿ ಪೂರ್ತಿ ಒಣಗಲು ಬಿಡಿ. ಹುಳಿಯನ್ನೂ ಹಾಗೇ ಬಿಟ್ಟರೆ ಅದೂ ಲೋಹ ತಿನ್ನುತ್ತೆ.

ನನ್ನದು ಅಷ್ಟಕ್ಕೆ ಸರಿಹೋಗಲಿಲ್ಲ. ಬೆಂಗಳೂರಿನ ಒಬ್ಬ ರಿಪೇರಿಯವರು ಬಿಚ್ಚಿ ತೋರಿಸಿದರು. ಬ್ಯಾಟರಿ ಗೂಡಿನಿಂದ ಹೊರಟ ವೈರಿನ ತುದಿ ಕತ್ತರಿಸಿದರೆ ಒಳಗಿನ ತಾಮ್ರ ಕಪ್ಪಗೆ. ಇನ್ನೂ ಮೇಲೆ ಕತ್ತರಿಸಿದರೂ ಕಪ್ಪಗೆ. ದೀಪದ ಬತ್ತಿಗೆ ಎಣ್ಣೆ ಏರುತ್ತಲ್ಲ, ಹಾಗೆ ಕ್ಷಾರ ವೈರಿನ ಒಳಗೇ ಏರಿ ಸರ್ಕೀಟ್ ಮುಟ್ಟಿತ್ತು. "ಇದರ ಬದಲಿಗೆ ಇನ್ನೊಂದು ಕ್ಯಾಮೆರಾ ತಗೊಳ್ಳಿ" ಅಂದರು. ಫಿಲ್ಮ್ ಮಾತ್ರ ಉಳಿಯಿತು. ಕೆಳಗಿನ ಗುಂಡಿ ಒತ್ತಿ ಕೈಯಿಂದ ಹಿಂದಕ್ಕೆ ಸುತ್ತೋದಕ್ಕೆ ಬ್ಯಾಟರಿ ಬೇಡ. ತಂಗಿ ಮದುವೆಯ 17 ಫೋಟೋ ಚೆನ್ನಾಗಿ ಬಂದವು.

ಈಗ ನಾನು ಬೇರೆ ಎಇ-1 ತಗೊಂಡಿದ್ದೇನೆ, ಚಿಕ್ಕಪ್ಪನದು ಕಪಾಟಿನಲ್ಲಿದೆ. ಇದಕ್ಕೆ 4ಎಸ್‌ಆರ್44 ಹಾಕುತ್ತೇನೆ. ಹೆಸರಿನಲ್ಲಿ ಎಲ್ ಇದ್ದರೆ ಆಲ್ಕಲೈನ್, ಎಸ್ ಇದ್ದರೆ ಸಿಲ್ವರ್ ಆಕ್ಸೈಡ್. ಸಿಲ್ವರ್‌ನದು ದುಬಾರಿ, ಆದರೆ ಸೋರೋದು ಕಡಿಮೆ, ಮುಗಿಯೋ ತನಕ ವೋಲ್ಟ್ ಸಮ ಇರುತ್ತೆ. ಆಲ್ಕಲೈನ್ ದಿನದಿನಕ್ಕೂ ಇಳಿಯುತ್ತೆ. ಸಿಲ್ವರ್ ಅಂತ ಒಳಗೇ ಬಿಟ್ಟುಬಿಡಬೇಡಿ. ಒಂದು ತಿಂಗಳು ಮುಟ್ಟೋದಿಲ್ಲ ಅನ್ನಿಸಿದರೆ ತೆಗೆದು, ಹಾಕಿದ ತಾರೀಖು ಬರೆದ ಚೀಟಿ ಜೊತೆ ಬೇರೆ ಡಬ್ಬದಲ್ಲಿಡಿ. ಬದಲಿಸುವಾಗ ಎಲ್ಲ ಸೆಲ್ ಒಟ್ಟಿಗೇ ಬದಲಿಸಿ.

ಒಲಿಂಪಸ್ ಒಎಂ-1 ಥರ 1.35 ವೋಲ್ಟಿನ ಪಾದರಸದ ಸೆಲ್ ಕೇಳೋ ಕ್ಯಾಮೆರಾ ಇದ್ದವರಿಗೆ ಒಂದು ಮಾತು. ಅಲ್ಲಿ 1.5 ವೋಲ್ಟಿನದು ಹಾಕಿದರೆ ಮೀಟರ್ ಇರೋದಕ್ಕಿಂತ ಜಾಸ್ತಿ ಬೆಳಕು ತೋರಿಸುತ್ತೆ, ಫೋಟೋ ಕಪ್ಪಾಗುತ್ತೆ. ಕಿವಿ ಮಿಷನ್ನಿಗೆ ಹಾಕೋ 675 ಸೆಲ್ 1.4 ವೋಲ್ಟ್, ಸುತ್ತ ಒಂದು ರಬ್ಬರ್ ರಿಂಗ್ ಕೊಟ್ಟರೆ ಕೂರುತ್ತೆ. ಅದರ ಮೇಲಿನ ಸ್ಟಿಕ್ಕರ್ ಕಿತ್ತು ಗಾಳಿ ತಾಗಿದ ಮೇಲೆ ಕೆಲವು ವಾರ ಮಾತ್ರ ಬಾಳಿಕೆ.

ತೆಗೆದ ಸೆಲ್ ಎಲ್ಲೆಂದರಲ್ಲಿ ಇಡಬೇಡಿ. ಮಕ್ಕಳು ಪೆಪ್ಪರ್‌ಮಿಂಟ್ ಅಂತ ನುಂಗಿಬಿಡುತ್ತವೆ. ಗಂಟಲಲ್ಲಿ ಸಿಕ್ಕರೆ ಎರಡೇ ಗಂಟೆಯಲ್ಲಿ ಸುಟ್ಟುಬಿಡಬಹುದು. ನುಂಗಿದೆ ಅಂತ ಅನುಮಾನ ಬಂದರೂ ಸಾಕು, ಕಾಯಬೇಡಿ, ತಕ್ಷಣ ಆಸ್ಪತ್ರೆಗೆ ಕರೆದುಕೊಂಡು ಹೋಗಿ. ಗೊಬ್ಬರ ಗುಂಡಿಗೂ ಎಸೆಯಬೇಡಿ, ಆ ಗೊಬ್ಬರ ಹೋಗೋದು ಅದೇ ಗದ್ದೆಗೆ. ನಾನು ಮುಚ್ಚಳ ಬಿಗಿಯಾದ ಡಬ್ಬದಲ್ಲಿ, ಒಂದೊಂದಕ್ಕೂ ಟೇಪ್ ಸುತ್ತಿ ಹಾಕಿಡುತ್ತೇನೆ. ತುಂಬಿದ ಮೇಲೆ ಇ-ತ್ಯಾಜ್ಯ ತೆಗೆದುಕೊಳ್ಳುವವರಿಗೆ ಕೊಡುತ್ತೇನೆ. ಊದಿದ ಆ ಕ್ಯಾಲ್ಕುಲೇಟರ್ ಸೆಲ್ ಕೂಡ ಅದರಲ್ಲೇ ಇದೆ.