ಜಿಎಂ ಬಣ್ಣದ ಕಿಟ್, ಕ್ರೈಸ್ಲರ್ ಕಾರು

ಅಮೆರಿಕದ ಕ್ರೈಸ್ಲರ್ ಕಂಪನಿಯ ಹಳೆಯ ಕಾರು, 1970ರ ಡಾಡ್ಜ್ ಚಾಲೆಂಜರ್ ಇಟ್ಟುಕೊಂಡವರನ್ನು ಎಂಜಿನ್ ಬಗ್ಗೆ ಕೇಳಿ ನೋಡಿ, ಸಂಜೆಯವರೆಗೂ ಮಾತಾಡುತ್ತಾರೆ. ವೈರಿಂಗ್ ಬಗ್ಗೆ ಕೇಳಿದರೆ ಕಾಫಿ ಕುಡಿಯೋಣ ಅನ್ನುತ್ತಾರೆ. ನನ್ನದು 383 ಎಂಜಿನ್ನಿನ ಗಾಡಿ. ಒಂದು ತುಂಡು ಬಿಟ್ಟು ಹಳೆಯ ವೈರುಗಳನ್ನೆಲ್ಲ ಕಿತ್ತು, 21 ಸರ್ಕ್ಯೂಟಿನ ಒಂದು ಯೂನಿವರ್ಸಲ್ ಹಾರ್ನೆಸ್, ಅಂದರೆ ಇಡೀ ಗಾಡಿಯ ವೈರುಗಳ ಸಿದ್ಧ ಕಟ್ಟು, ಹಾಕಿದ್ದೇನೆ. ಕಂಪನಿಯ ಹೆಸರು ಬರೆಯುತ್ತಿಲ್ಲ. ನಾನು ತರಿಸಿದ್ದು ಒಂದೇ ಕಿಟ್, ಮತ್ತು ಇಲ್ಲಿ ಹೇಳುವುದರಲ್ಲಿ ಬಹುಪಾಲು ಈ ಜಾತಿಯ ಬೇರೆ ಕಿಟ್‌ಗಳಿಗೂ ಸಲ್ಲುತ್ತದೆ.

ಕಿತ್ತು ಹಾಕುವಂಥದ್ದು ಏನಾಗಿತ್ತು ಅಂದರೆ, ಬ್ಯಾಟರಿಗೆ ಹೋಗಿ ಬರುವ ಕರೆಂಟನ್ನು ಡ್ಯಾಶ್‌ಬೋರ್ಡಿನಲ್ಲಿ ತೋರಿಸುವ ಆಮ್ಮೀಟರ್. ಆ ಕಾಲದ ಕ್ರೈಸ್ಲರ್ ಕಾರುಗಳಲ್ಲಿ ಆಲ್ಟರ್ನೇಟರಿನ (ಎಂಜಿನ್ ತಿರುಗಿದಾಗ ಕರೆಂಟು ಹುಟ್ಟಿಸುವ ಯಂತ್ರ) ಕರೆಂಟು ನೇರವಾಗಿ ಬ್ಯಾಟರಿಗೆ ಹೋಗುವುದಿಲ್ಲ. ಫೈರ್‌ವಾಲ್ (ಎಂಜಿನ್ನಿಗೂ ಕೂರುವ ಜಾಗಕ್ಕೂ ನಡುವಿನ ಗೋಡೆ) ಮೇಲಿನ ಪ್ಲಾಸ್ಟಿಕ್ ಕನೆಕ್ಟರ್ ದಾಟಿ ಡ್ಯಾಶ್‌ಬೋರ್ಡಿನೊಳಗೆ ಬಂದು, ಆಮ್ಮೀಟರ್ ಮೂಲಕ ಹಾದು, ಮತ್ತೆ ಅದೇ ಕನೆಕ್ಟರಿನಿಂದ ಹೊರಗೆ ಹೋಗಿ ಬ್ಯಾಟರಿ ಸೇರುತ್ತದೆ. ಅಷ್ಟೂ ಕರೆಂಟನ್ನು ಹೊರುವುದು ಎರಡು ಚಪ್ಪಟೆ ಟರ್ಮಿನಲ್‌ಗಳು. ವರ್ಷಗಳು ಕಳೆದಂತೆ ಅವು ಸಡಿಲವಾಗುತ್ತವೆ, ಕಿಲುಬು ಹಿಡಿಯುತ್ತದೆ, ಬಿಸಿಯಾಗುತ್ತವೆ, ಸುತ್ತಲಿನ ಪ್ಲಾಸ್ಟಿಕ್ ಕಂದಿ ಕರಗತೊಡಗುತ್ತದೆ. ನನ್ನ ಗಾಡಿಯಲ್ಲಿ ಕೆಂಪು ವೈರಿನ ಗೂಡು ಆಗಲೇ ಕಂದಿತ್ತು. ಹೆಡ್‌ಲೈಟಿನ ಕರೆಂಟು ಕೂಡ ರಿಲೇ (ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟನ್ನು ಹಾಕಿ ತೆಗೆಯುವ ಸ್ವಿಚ್ಚು) ಇಲ್ಲದೆ ಡ್ಯಾಶಿನ ಸ್ವಿಚ್ಚು, ಕಾಲಿನಿಂದ ಒತ್ತುವ ಡಿಮ್ಮರ್, ಮತ್ತೆ ಅದೇ ಕನೆಕ್ಟರ್ ಸುತ್ತಿ ಮುಂದೆ ಹೋಗುತ್ತದೆ. ದೀಪ ಮಂಕಾಗಿದ್ದರೆ ಬಲ್ಬನ್ನು ಬೈದು ಪ್ರಯೋಜನವಿಲ್ಲ.

ಐನೂರು ಡಾಲರಿಗೆ ಮೇಲೆ ಕೊಟ್ಟೆ. ಪೆಟ್ಟಿಗೆ ತೆರೆದಾಗ ಆ ದುಡ್ಡಿಗೆ ಬೇಸರವಾಗಲಿಲ್ಲ. ಗಾಜಿನ ಫ್ಯೂಸುಗಳ ಬದಲು ಬ್ಲೇಡ್ ಫ್ಯೂಸುಗಳ ಅಚ್ಚುಕಟ್ಟಾದ ಬಾಕ್ಸು. ವೈರೆಲ್ಲ ಜಿಎಕ್ಸ್‌ಎಲ್ ಜಾತಿಯದು: ಕ್ರಾಸ್‌ಲಿಂಕ್ ಮಾಡಿದ ಪಾಲಿಎಥಿಲೀನ್ ಹೊದಿಕೆ, 125 ಡಿಗ್ರಿ ಸೆಲ್ಸಿಯಸ್ ತಡೆಯುತ್ತದೆ. ಹಳೆಯ ವೈರಿನ ಪಿವಿಸಿ ಹೊದಿಕೆ ಎಕ್ಸಾಸ್ಟ್ ಪಕ್ಕದಲ್ಲಿ ಬಿಸ್ಕತ್ತಿನ ಹಾಗೆ ಮುರಿಯುತ್ತಿತ್ತು. ಪ್ರತಿ ವೈರಿನ ಮೇಲೂ ಕೆಲವೇ ಅಂಗುಲಕ್ಕೊಮ್ಮೆ ಅದರ ಹೆಸರು ಅಚ್ಚಾಗಿದೆ: ಎಡ ಹಿಂದಿನ ಟರ್ನ್, ಫ್ಯುಯೆಲ್ ಗೇಜ್, ಹಾರ್ನ್ ಹೀಗೆ. ಡ್ಯಾಶ್ ಕೆಳಗೆ ಅಂಗಾತ ಮಲಗಿ ಟಾರ್ಚು ಹಲ್ಲಲ್ಲಿ ಕಚ್ಚಿಕೊಂಡಾಗ ಈ ಅಕ್ಷರಗಳ ಬೆಲೆ ಗೊತ್ತಾಗುತ್ತದೆ. ಕಿಟ್ಟಿನಲ್ಲಿ ನನಗೆ ಎಲ್ಲಕ್ಕಿಂತ ಹಿಡಿಸಿದ್ದು ಇದೇ.

ತಕರಾರು ಇರುವುದು ‘ಯೂನಿವರ್ಸಲ್’ ಅನ್ನುವ ಮಾತಿನ ಮೇಲೆ. ಇದು ಎಲ್ಲರಿಗೂ ಹೊಂದುವ ಕಿಟ್ ಅಲ್ಲ, ಜನರಲ್ ಮೋಟಾರ್ಸ್ (ಜಿಎಂ) ಗಾಡಿಗೆ ಮಾಡಿ ಉಳಿದವರು ಹೊಂದಿಸಿಕೊಳ್ಳಲಿ ಎಂದು ಬಿಟ್ಟದ್ದು. ವೈರಿನ ಬಣ್ಣಗಳು ಜಿಎಂನವು, ಸ್ಟಿಯರಿಂಗ್ ಕಾಲಮ್ಮಿನ ಪ್ಲಗ್ಗೂ ಜಿಎಂನದು. ಜಿಎಂ ಲೆಕ್ಕದಲ್ಲಿ ಕಡು ಹಸಿರು ವೈರು ಬಲಗಡೆ ಹಿಂದಿನ ಇಂಡಿಕೇಟರಿಗೆ, ಹಳದಿ ಎಡಕ್ಕೆ. ಕ್ರೈಸ್ಲರ್‌ನಲ್ಲಿ ಕಡು ಹಸಿರು ಎಡಕ್ಕೆ, ಕಂದು ಬಲಕ್ಕೆ. ಬಣ್ಣ ನೋಡಿ ಬಣ್ಣಕ್ಕೆ ಸೇರಿಸಿದವನ ಗಾಡಿ ಎಡಕ್ಕೆ ತಿರುಗುವಾಗ ಹಿಂದಿನವರಿಗೆ ಬಲ ತೋರಿಸುತ್ತದೆ. ಮೇಲಾಗಿ ಈ ಗಾಡಿಯಲ್ಲಿ ಹಿಂದೆ ಬ್ರೇಕಿಗೂ ಇಂಡಿಕೇಟರಿಗೂ ಒಂದೇ ಫಿಲಮೆಂಟು. ಹಾಗಾಗಿ ಬ್ರೇಕ್ ಸ್ವಿಚ್ಚಿನ ವೈರು ನೇರ ಹಿಂದಕ್ಕೆ ಹೋಗದೆ ಮೊದಲು ಕಾಲಮ್ಮಿನ ಟರ್ನ್ ಸಿಗ್ನಲ್ ಸ್ವಿಚ್ಚಿಗೆ ಹೋಗಬೇಕು. ಕಿಟ್ಟಿನ ಪುಸ್ತಕ ಈ ವಿಷಯವನ್ನು ಎರಡು ಸಾಲಿನಲ್ಲಿ ಮುಗಿಸುತ್ತದೆ. ಡಾಡ್ಜ್‌ನ ಸರ್ವಿಸ್ ಮ್ಯಾನ್ಯುಯಲ್ ಪಕ್ಕದಲ್ಲಿಟ್ಟುಕೊಂಡು, ಮಲ್ಟಿಮೀಟರಿನಿಂದ ಒಂದೊಂದೇ ಪಿನ್ ಗುರುತಿಸಿ ಕಾಗದದ ಮೇಲೆ ಬರೆದುಕೊಂಡ ಮೇಲೆಯೇ ನಾನು ಕತ್ತರಿ ಹಿಡಿದದ್ದು.

ಎಂಜಿನ್ ಕಡೆಯೂ ಇದೇ ಕಥೆ. ಕಿಟ್ ಮಾಡಿದವರ ಮನಸ್ಸಿನಲ್ಲಿರುವುದು ರೆಗ್ಯುಲೇಟರ್, ಅಂದರೆ ವೋಲ್ಟೇಜನ್ನು ಹದದಲ್ಲಿಡುವ ಸಾಧನ, ಒಳಗೇ ಇರುವ ಆಲ್ಟರ್ನೇಟರ್. 1970ರ ಕ್ರೈಸ್ಲರ್‌ನಲ್ಲಿ ಎಲೆಕ್ಟ್ರಾನಿಕ್ ರೆಗ್ಯುಲೇಟರ್ ಬೇರೆಯಾಗಿ ಫೈರ್‌ವಾಲ್ ಮೇಲೆ ಕೂತಿರುತ್ತದೆ, ಆಲ್ಟರ್ನೇಟರಿಗೆ ಎರಡು ಫೀಲ್ಡ್ ವೈರು (ಅದರೊಳಗಿನ ಆಯಸ್ಕಾಂತದ ಸುರುಳಿಗೆ ಹೋಗುವವು): ಒಂದಕ್ಕೆ ಇಗ್ನಿಷನ್ನಿನಿಂದ 12 ವೋಲ್ಟು, ಇನ್ನೊಂದು ರೆಗ್ಯುಲೇಟರಿಗೆ. ಆ ಭಾಗ ಪೂರ್ತಿ ನಾವೇ ಎಳೆಯಬೇಕು. ಇಗ್ನಿಷನ್ ಕಾಯಿಲ್‌ಗೆ ಕಿಟ್ ಕೊಡುವುದು ಒಂದೇ ವೈರು. ಆದರೆ ಕ್ರೈಸ್ಲರ್ ಕೀಲಿಯಲ್ಲಿ ಸ್ಟಾರ್ಟ್ ಮಾಡುವಾಗ ಮೊದಲ ಇಗ್ನಿಷನ್ ಲೈನು ಸತ್ತಿರುತ್ತದೆ, ಎರಡನೆಯದು ಬ್ಯಾಲಸ್ಟ್ ರೆಸಿಸ್ಟರನ್ನು (ಕಾಯಿಲ್‌ಗೆ ಹೋಗುವ ಕರೆಂಟನ್ನು ತಗ್ಗಿಸುವ ತುಂಡು) ಬಿಟ್ಟು ನೇರ ಕಾಯಿಲ್‌ಗೆ ಕರೆಂಟು ಕೊಡುತ್ತದೆ. ಈ ಎರಡನೆಯ ವೈರು ಇಲ್ಲದಿದ್ದರೆ ಸ್ಟಾರ್ಟರ್ ಎಷ್ಟು ತಿರುಗಿದರೂ ಎಂಜಿನ್ ಹಿಡಿಯುವುದಿಲ್ಲ, ಕೀಲಿ ಬಿಟ್ಟ ಕ್ಷಣಕ್ಕೆ ಒಮ್ಮೆ ಕೆಮ್ಮುತ್ತದೆ. ಇದು ತಿಳಿಯದೆ ಕಾರ್ಬ್ಯುರೇಟರ್ ಬಿಚ್ಚಿದವರಿದ್ದಾರೆ.

ಜೊತೆಗೆ ಬಂದ ಟರ್ಮಿನಲ್‌ಗಳು ಸಾಧಾರಣ. ಪ್ಲಾಸ್ಟಿಕ್ ಟೋಪಿ ಇರುವವನ್ನು ಪಕ್ಕಕ್ಕಿಟ್ಟು, ತೆರೆದ ಬಾಯಿಯ ಹಿತ್ತಾಳೆ ಟರ್ಮಿನಲ್‌ಗಳನ್ನು ಬೇರೆ ತರಿಸಿದೆ. ಅವನ್ನು ವೈರಿಗೆ ಒತ್ತಿ ಕಚ್ಚಿಸಲು ತಕ್ಕ ರ‍್ಯಾಚೆಟ್ ಕ್ರಿಂಪಿಂಗ್ ಇಕ್ಕಳವೂ ಬೇಕು. ಸಾದಾ ಇಕ್ಕಳದಲ್ಲಿ ಒತ್ತಿದ ಕ್ರಿಂಪು ನೋಡಲು ಗಟ್ಟಿ, ಎಳೆದರೆ ಕೈಗೆ ಬರುತ್ತದೆ. ಈ ಖರ್ಚನ್ನು ಕಿಟ್ಟಿನ ಬೆಲೆಗೆ ಮೊದಲೇ ಸೇರಿಸಿಕೊಳ್ಳಿ. ಅರ್ತಿಂಗ್ ಬಗ್ಗೆ ಪುಸ್ತಕ ಸರಿಯಾಗಿಯೇ ಹೇಳಿದೆ: ಬ್ಯಾಟರಿಯಿಂದ ಎಂಜಿನ್ನಿಗೆ, ಎಂಜಿನ್ನಿನಿಂದ ಕಾರಿನ ಮೈಗೆ, ಪೇಂಟು ಕೆರೆದು ಲೋಹಕ್ಕೆ.

ಈಗ ಚಾರ್ಜಿಂಗ್ ವೈರು ಡ್ಯಾಶಿನ ಕಡೆ ಬರುವುದೇ ಇಲ್ಲ. ಆಲ್ಟರ್ನೇಟರಿನಿಂದ ಫ್ಯೂಸ್ ಮೂಲಕ ಸ್ಟಾರ್ಟರ್ ರಿಲೇಗೆ, ಅಲ್ಲಿಂದ ಬ್ಯಾಟರಿಗೆ. ಆಮ್ಮೀಟರಿನ ಮುಳ್ಳು ಅಲಂಕಾರಕ್ಕೆ ಉಳಿದಿದೆ. ಕೆಳಗೆ ಸಣ್ಣದೊಂದು ವೋಲ್ಟ್‌ಮೀಟರ್ ಹಾಕಿದ್ದೇನೆ, ಗಾಡಿ ಓಡುವಾಗ 14ರ ಆಸುಪಾಸು ನಿಲ್ಲುತ್ತದೆ. ಹೆಡ್‌ಲೈಟಿಗೆ ರಿಲೇ ಕೂಡಿಸಿದ ಮೇಲೆ ಬಲ್ಬಿನ ಬಳಿ ಸಿಗುವ ವೋಲ್ಟೇಜು ಬ್ಯಾಟರಿಗಿಂತ ಅರ್ಧ ವೋಲ್ಟೂ ಕಡಿಮೆಯಿಲ್ಲ, ಮೊದಲು ಎರಡು ವೋಲ್ಟಿಗೂ ಹೆಚ್ಚು ದಾರಿಯಲ್ಲೇ ಕಳೆದುಹೋಗುತ್ತಿತ್ತು. ಎಲ್‌ಇಡಿ ಬಲ್ಬು ಹಾಕುವವರು ಎಲೆಕ್ಟ್ರಾನಿಕ್ ಫ್ಲಾಷರ್ (ಇಂಡಿಕೇಟರನ್ನು ಮಿಟುಕಿಸುವ ಸಾಧನ) ತೆಗೆದುಕೊಳ್ಳಿ, ಕಿಟ್ಟಿನದು ಆ ಸಣ್ಣ ಲೋಡಿಗೆ ಸರಿಯಾಗಿ ಮಿಟುಕುವುದಿಲ್ಲ.

ಕಮಾರೋ, ಷೆವೆಲ್‌ನಂಥ ಜಿಎಂ ಗಾಡಿ ಇರುವವರು ಕಣ್ಣು ಮುಚ್ಚಿ ಕೊಳ್ಳಬಹುದು, ಐದಕ್ಕೆ ನಾಲ್ಕೂವರೆ. ಕ್ರೈಸ್ಲರ್ ಗಾಡಿಯವರಿಗೆ ಮೂರು ಕೊಡುತ್ತೇನೆ. ಡಯಗ್ರಾಂ ಓದಲು ಬೇಸರವಿದ್ದರೆ ಇನ್ನಷ್ಟು ದುಡ್ಡು ಸೇರಿಸಿ ನಿಮ್ಮ ಮಾಡೆಲ್‌ಗೆಂದೇ ಮಾಡಿದ ಹಾರ್ನೆಸ್ ತರಿಸಿ. ವೈಪರಿಗೆ ಈ ಕಿಟ್ಟಿನಲ್ಲಿರುವುದು ಒಂದೇ ಕರೆಂಟಿನ ವೈರು. ಸ್ವಿಚ್ಚಿನಿಂದ ಮೋಟಾರಿನವರೆಗಿನ ಹಳೆಯ ತುಂಡನ್ನು ಎಸೆಯಬೇಡಿ, ನನ್ನದು ಇನ್ನೂ ಅದರ ಮೇಲೆಯೇ ಓಡುತ್ತಿದೆ.